ನಕ್ಷತ್ರದ ಬೆನ್ನುಹತ್ತುವ ಯಂತ್ರ: ಹವ್ಯಾಸಿ ಖಗೋಳವೀಕ್ಷಣೆಯಲ್ಲಿ ಗೈಡಿಂಗ್

ಇರುಳಿನ ಆಕಾಶದಲ್ಲಿ ಒಂದು ನಕ್ಷತ್ರವನ್ನು ದೂರದರ್ಶಕದ ನೋಟದ ನಡುವಿಗೆ ತಂದು ಕೈಬಿಟ್ಟರೆ ಅದು ಅಲ್ಲಿ ನಿಲ್ಲುವುದಿಲ್ಲ. ಒಂದೆರಡು ನಿಮಿಷಗಳಲ್ಲಿ ಅಂಚಿಗೆ ಸರಿದು ಮರೆಯಾಗುತ್ತದೆ. ಭೂಮಿಯ ಆವರ್ತನೆಯೇ ಇದಕ್ಕೆ ಕಾರಣ. ನಕ್ಷತ್ರಗಳನ್ನು ಆಧಾರವಾಗಿಟ್ಟುಕೊಂಡು ಎಣಿಸಿದರೆ ಭೂಮಿ 23 ಗಂಟೆ 56 ನಿಮಿಷ 4 ಸೆಕೆಂಡುಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಅಂದರೆ ಆಕಾಶವು ಗಂಟೆಗೆ ಸುಮಾರು 15 ಡಿಗ್ರಿಯಂತೆ ಪಶ್ಚಿಮಕ್ಕೆ ಜಾರುತ್ತಿರುವಂತೆ ಕಾಣುತ್ತದೆ. ಡಿಗ್ರಿಯ ಅರುವತ್ತನೆಯ ಒಂದು ಪಾಲು ಕಲೆ, ಕಲೆಯ ಅರುವತ್ತನೆಯ ಒಂದು ಪಾಲು ವಿಕಲೆ ಎಂಬ ನಮ್ಮ ಜ್ಯೋತಿಶ್ಶಾಸ್ತ್ರದ ಹಳೆಯ ಅಳತೆಯಲ್ಲಿ ಹೇಳುವುದಾದರೆ, ಇದು ಸೆಕೆಂಡಿಗೆ 15 ವಿಕಲೆಗಳ ಓಟ.

ಕಣ್ಣಿನಿಂದ ನೋಡುವವರಿಗೆ ಇದು ದೊಡ್ಡ ತೊಡಕಲ್ಲ. ಆಗಾಗ ದೂರದರ್ಶಕವನ್ನು ತುಸು ಸರಿಸಿಕೊಂಡರೆ ಸಾಕು. ಛಾಯಾಗ್ರಹಣಕ್ಕೆ ಇಳಿದೊಡನೆ ಪರಿಸ್ಥಿತಿ ಬದಲಾಗುತ್ತದೆ. ನೀಹಾರಿಕೆ, ಗೆಲಾಕ್ಸಿಗಳಂಥ ಮಸುಕು ಕಾಯಗಳ ಬೆಳಕನ್ನು ಕ್ಯಾಮರಾ ನಿಮಿಷಗಟ್ಟಲೆ ಕೂಡಿಹಾಕಬೇಕಾಗುತ್ತದೆ. ಅಷ್ಟು ಹೊತ್ತೂ ನಕ್ಷತ್ರ ಒಂದೇ ಬಿಂದುವಿನಲ್ಲಿ ನಿಲ್ಲದಿದ್ದರೆ ಚಿತ್ರದಲ್ಲಿ ಚುಕ್ಕೆಯ ಬದಲು ಗೀರು ಮೂಡುತ್ತದೆ. ಈ ಕೊರತೆಯನ್ನು ನೀಗುವ ಕ್ರಮವನ್ನೇ ಹವ್ಯಾಸಿಗಳು ಗೈಡಿಂಗ್ ಎಂದು ಕರೆಯುತ್ತಾರೆ.

ಇಲ್ಲಿ ಎರಡು ಕ್ರಿಯೆಗಳನ್ನು ಬೇರ್ಪಡಿಸಿ ತಿಳಿಯುವುದು ಅಗತ್ಯ. ಭೂಮಿಯ ವೇಗಕ್ಕೆ ಸಮನಾಗಿ, ಎದುರು ದಿಕ್ಕಿನಲ್ಲಿ ದೂರದರ್ಶಕವನ್ನು ಯಂತ್ರದಿಂದ ತಿರುಗಿಸುವುದು ಅನುಸರಣೆ. ಹಾಗೆ ತಿರುಗುವಾಗ ಯಂತ್ರ ಮಾಡುವ ತಪ್ಪುಗಳನ್ನು ಒಂದು ನಕ್ಷತ್ರವನ್ನು ಸಾಕ್ಷಿಯಾಗಿಟ್ಟುಕೊಂಡು ಕ್ಷಣಕ್ಷಣಕ್ಕೂ ತಿದ್ದುವುದು ಗೈಡಿಂಗ್. ಇದನ್ನು ‘ಮಾರ್ಗದರ್ಶನ’ ಎಂದು ಕನ್ನಡಿಸಿದರೆ ಅರ್ಥ ಪೂರ್ತಿಯಾಗುವುದಿಲ್ಲ. ದಾರಿ ತೋರಿಸುವುದಕ್ಕಿಂತ ತಪ್ಪಿದ ಹೆಜ್ಜೆಯನ್ನು ತಿದ್ದುವುದೇ ಇದರ ಮುಖ್ಯ ಕೆಲಸ. ಈ ಭೇದವನ್ನು ಗಮನಿಸದ ಹೊಸಬರು ಅನುಸರಣೆಯ ದೋಷಕ್ಕೆ ಗೈಡಿಂಗ್ ಉಪಕರಣವನ್ನೂ ಗೈಡಿಂಗಿನ ದೋಷಕ್ಕೆ ದೂರದರ್ಶಕವನ್ನೂ ಹೊಣೆಮಾಡಿ ಹಣ ಕಳೆದುಕೊಳ್ಳುವುದುಂಟು.

ಹಿನ್ನೆಲೆ

ಗಡಿಯಾರದ ಯಂತ್ರದಿಂದ ದೂರದರ್ಶಕವನ್ನು ನಡೆಸುವ ಪದ್ಧತಿ ಖಗೋಳ ಛಾಯಾಗ್ರಹಣಕ್ಕಿಂತ ಹಳೆಯದು. ಜರ್ಮನಿಯ ಫ್ರೌನ್‌ಹೋಫರ್ ದೋರ್ಪಾತ್ ವೀಕ್ಷಣಾಲಯಕ್ಕೆ ನಿರ್ಮಿಸಿಕೊಟ್ಟ, 1824ರಲ್ಲಿ ಸ್ಥಾಪಿತವಾದ ದೂರದರ್ಶಕದಲ್ಲಿ ಅಂಥ ಯಂತ್ರವಿತ್ತು. ಛಾಯಾಗ್ರಹಣ ಬಂದ ಮೇಲೆ ಆ ನಿಖರತೆ ಸಾಲದಾಯಿತು. 1880ರಲ್ಲಿ ಅಮೆರಿಕದ ಹೆನ್ರಿ ಡ್ರೇಪರ್ ಮಹಾವ್ಯಾಧ ನೀಹಾರಿಕೆಯನ್ನು 51 ನಿಮಿಷಗಳ ಕಾಲ ಚಿತ್ರಿಸಿದನು. 1883ರಲ್ಲಿ ಇಂಗ್ಲೆಂಡಿನ ಆಂಡ್ರೂ ಕಾಮನ್ ಅದೇ ನೀಹಾರಿಕೆಯ ಚಿತ್ರದಲ್ಲಿ, ದೂರದರ್ಶಕದಲ್ಲಿಯೂ ಕಣ್ಣಿಗೆ ಕಾಣದ ನಕ್ಷತ್ರಗಳನ್ನು ಮೂಡಿಸಿ ತೋರಿಸಿದನು. 1888ರಲ್ಲಿ ಐಸಾಕ್ ರಾಬರ್ಟ್ಸ್ ತೆಗೆದ ಚಿತ್ರ ಆಂಡ್ರೊಮಿಡಾದ ಸುರುಳಿ ರಚನೆಯನ್ನು ಬೆಳಕಿಗೆ ತಂದಿತು. ಡ್ರೇಪರ್ ವೈದ್ಯ, ಕಾಮನ್ ಎಂಜಿನಿಯರ್, ರಾಬರ್ಟ್ಸ್ ಕಟ್ಟಡ ಕಟ್ಟಿಸುವ ವ್ಯವಹಾರದವನು. ಈ ವಿದ್ಯೆಯ ಬುನಾದಿಯಲ್ಲಿ ಹವ್ಯಾಸಿಗಳ ಪಾಲು ಎಷ್ಟೆಂಬುದಕ್ಕೆ ಈ ಹೆಸರುಗಳೇ ನಿದರ್ಶನ.

1887ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಸಮ್ಮೇಳನ ಇಡೀ ಆಕಾಶದ ಛಾಯಾಚಿತ್ರ ನಕ್ಷೆಯನ್ನು ಸಿದ್ಧಪಡಿಸಲು ತೀರ್ಮಾನಿಸಿತು. ಅದಕ್ಕಾಗಿ ಪ್ಯಾರಿಸಿನ ಹೆನ್ರಿ ಸಹೋದರರು ರೂಪಿಸಿದ ಮಾದರಿಯಲ್ಲಿ ಒಂದೇ ಪೀಠದ ಮೇಲೆ ಎರಡು ದೂರದರ್ಶಕಗಳಿದ್ದವು: ಒಂದು ಚಿತ್ರಕ್ಕೆ, ಇನ್ನೊಂದು ವೀಕ್ಷಕನ ಕಣ್ಣಿಗೆ. ಎರಡನೆಯದರಲ್ಲಿ ಕತ್ತರಿಗೆರೆಯ ಮೇಲೆ ಒಂದು ನಕ್ಷತ್ರವನ್ನು ಕೂರಿಸಿ, ಅದು ಕದಲಿದಾಗಲೆಲ್ಲ ತಿರುಪು ತಿರುಗಿಸಿ ಸ್ವಸ್ಥಾನಕ್ಕೆ ತರುವುದು ವೀಕ್ಷಕನ ಕೆಲಸವಾಗಿತ್ತು. ಈ ಮಹಾಯೋಜನೆಯಲ್ಲಿ ಭಾರತದ ಪಾಲೂ ಇದೆ. ಸಾಂತಿಯಾಗೋ ವೀಕ್ಷಣಾಲಯದಿಂದ ನೆರವೇರದೆ ಉಳಿದ, ದಕ್ಷಿಣ 17 ಡಿಗ್ರಿಯಿಂದ 23 ಡಿಗ್ರಿವರೆಗಿನ ಆಕಾಶದ ಪಟ್ಟಿಯನ್ನು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯ ವಹಿಸಿಕೊಂಡಿತು. ಬೀದರ್, ಕಲಬುರ್ಗಿ, ರಾಯಚೂರುಗಳೂ ಸೇರಿದ್ದ ಅಂದಿನ ಹೈದರಾಬಾದ್ ಸಂಸ್ಥಾನದ ರಾಜಧಾನಿಯಲ್ಲಿ ವರ್ಷಾನುವರ್ಷ ನಡೆದ ಆ ದುಡಿಮೆ ಲಕ್ಷಾಂತರ ನಕ್ಷತ್ರಗಳ ಸ್ಥಾನಗಳನ್ನು ಜಗತ್ತಿಗೆ ಒದಗಿಸಿತು. ಮುಂದೆ ಆ ವೀಕ್ಷಣಾಲಯ ಉಸ್ಮಾನಿಯಾ ವಿಶ್ವವಿದ್ಯಾಲಯದ ಅಂಗವಾಯಿತು.

1980ರ ದಶಕದ ಕೊನೆಯ ವೇಳೆಗೆ ಕಣ್ಣಿನ ಈ ಕೆಲಸವನ್ನು ಎಲೆಕ್ಟ್ರಾನಿಕ್ ಸಂವೇದಕಕ್ಕೆ ಒಪ್ಪಿಸುವುದು ಸಾಧ್ಯವಾಯಿತು. ಅಮೆರಿಕದ ಎಸ್‌ಬಿಐಜಿ ಸಂಸ್ಥೆಯ ಎಸ್‌ಟಿ-4 ಎಂಬ ಉಪಕರಣ ಹವ್ಯಾಸಿಗಳಲ್ಲಿ ಎಷ್ಟು ಹರಡಿತೆಂದರೆ, ಪೀಠಕ್ಕೆ ತಿದ್ದುಪಡಿಯ ಸಂಕೇತ ಕಳುಹಿಸುವ ಕಿಂಡಿಗೆ ಆ ಹೆಸರೇ ಇಂದಿಗೂ ಉಳಿದಿದೆ.

ಯಂತ್ರ ಏಕೆ ತಪ್ಪುತ್ತದೆ?

ಅನುಸರಣೆಗೆ ಬಳಸುವ ಈಕ್ವಟೋರಿಯಲ್ ಪೀಠದಲ್ಲಿ ಎರಡು ಅಕ್ಷಗಳಿವೆ. ಮೊದಲನೆಯದು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ಉತ್ತರ ಧ್ರುವಬಿಂದುವನ್ನು ನೋಡುತ್ತಿರಬೇಕು. ವಿಷುವದಂಶದ ಚಲನೆ ಇದರದು. ಎರಡನೆಯದು ಘಂಟಾವೃತ್ತಾಂಶದ ಚಲನೆಗೆ ಮೀಸಲು. ಎಲ್ಲವೂ ಆದರ್ಶವಾಗಿದ್ದರೆ ಮೊದಲನೆಯ ಅಕ್ಷ ಸಮವೇಗದಿಂದ ತಿರುಗಿದರೆ ಸಾಕು. ವಾಸ್ತವದಲ್ಲಿ ಮೂರು ತೊಡಕುಗಳು ಅಡ್ಡಬರುತ್ತವೆ.

ಮೊದಲನೆಯದು ಹಲ್ಲುಚಕ್ರದ ದೋಷ. ಪೀಠವನ್ನು ತಿರುಗಿಸುವುದು ತಿರುಪಿನಾಕಾರದ ಒಂದು ವರ್ಮ್ ಗೇರು. ಚಕ್ರಕ್ಕೆ 144 ಹಲ್ಲುಗಳಿದ್ದರೆ ಈ ತಿರುಪು ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಸುತ್ತು ಹಾಕುತ್ತದೆ. ಅದರ ತಯಾರಿಕೆಯಲ್ಲಿ ಕೂದಲೆಳೆಯಷ್ಟು ಓರೆಕೋರೆಯಿದ್ದರೂ ನಕ್ಷತ್ರ ಆ ಅವಧಿಯಲ್ಲಿ ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ತೂಗಾಡುತ್ತದೆ. ಸಾಧಾರಣ ಬೆಲೆಯ ಪೀಠಗಳಲ್ಲಿ ಈ ತೂಗಾಟ ಹತ್ತಿಪ್ಪತ್ತು ವಿಕಲೆಗಳಷ್ಟಿರುವುದು ಅಪರೂಪವಲ್ಲ.

ಎರಡನೆಯದು ಧ್ರುವಾಭಿಮುಖತೆಯ ದೋಷ. ಅಕ್ಷ ಧ್ರುವಬಿಂದುವಿನಿಂದ 10 ಕಲೆ ತಪ್ಪಿದ್ದರೆ ನಕ್ಷತ್ರ ನಿಮಿಷಕ್ಕೆ ಗರಿಷ್ಠ 2.6 ವಿಕಲೆಯಷ್ಟು ಸರಿಯಬಲ್ಲದು. ಮೂರನೆಯದು ಹೊರಗಿನ ತೊಡಕು: ಗಾಳಿಯ ಹೊಡೆತ, ಕೊಳವೆಯ ಬಾಗು, ತಂತಿಯ ಎಳೆತ. ಈ ಮೂರನ್ನೂ ಹಿಡಿತದಲ್ಲಿಡುವುದೇ ಗೈಡಿಂಗಿನ ಉದ್ದೇಶ.

ಉಪಕರಣಗಳು

ಆರಂಭಕ್ಕೆ ಬೇಕಾದವು ಮೂರು: ಒಂದು ಗೈಡ್ ದೂರದರ್ಶಕ, ಒಂದು ಚಿಕ್ಕ ಕ್ಯಾಮರಾ ಮತ್ತು ಒಂದು ಕಂಪ್ಯೂಟರ್. ಕ್ಯಾಮರಾ ಎರಡು ಮೂರು ಸೆಕೆಂಡಿಗೊಮ್ಮೆ ನಕ್ಷತ್ರದ ಚಿತ್ರ ತೆಗೆಯುತ್ತದೆ. ತಂತ್ರಾಂಶವು ನಕ್ಷತ್ರ ಎಷ್ಟು ಸರಿದಿದೆಯೆಂದು ಅಳೆದು ಪೀಠಕ್ಕೆ ತಿದ್ದುಪಡಿಯ ಆಜ್ಞೆ ಕೊಡುತ್ತದೆ. ಇಂಥ ತಂತ್ರಾಂಶಗಳಲ್ಲಿ ಉಚಿತವಾಗಿ ದೊರೆಯುವ ಪಿಎಚ್‌ಡಿ2 ಹವ್ಯಾಸಿಗಳಲ್ಲಿ ಬಹಳ ಪ್ರಚಲಿತ.

ಕೊಳ್ಳುವ ಮುನ್ನ ಒಂದು ಸಣ್ಣ ಲೆಕ್ಕವನ್ನು ಮಾಡಿಕೊಳ್ಳಬೇಕು. ಪಿಕ್ಸೆಲ್ಲಿನ ಅಗಲವನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಮಿಲಿಮೀಟರಿನಲ್ಲಿರುವ ನಾಭಿದೂರದಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ವಿಕಲೆಯನ್ನು ವ್ಯಾಪಿಸುತ್ತದೆಂಬುದು ತಿಳಿಯುತ್ತದೆ. 500 ಮಿ.ಮೀ. ನಾಭಿದೂರದ ಮುಖ್ಯ ದೂರದರ್ಶಕಕ್ಕೆ 3.76 ಮೈಕ್ರಾನ್ ಪಿಕ್ಸೆಲ್ಲಿನ ಕ್ಯಾಮರಾ ಜೋಡಿಸಿದರೆ ಅದು 1.55 ವಿಕಲೆ. 120 ಮಿ.ಮೀ. ನಾಭಿದೂರದ ಗೈಡ್ ದೂರದರ್ಶಕ ಮತ್ತು 3.75 ಮೈಕ್ರಾನ್ ಪಿಕ್ಸೆಲ್ಲಿನ ಕ್ಯಾಮರಾ ಸೇರಿದರೆ 6.4 ವಿಕಲೆ. ಇದು ಒರಟಾದ ಅಳತೆಯೆಂದು ತೋರಬಹುದು. ಆದರೆ ನಕ್ಷತ್ರದ ಬೆಳಕು ಹಲವು ಪಿಕ್ಸೆಲ್ಲುಗಳಲ್ಲಿ ಹರಡಿರುವುದರಿಂದ ತಂತ್ರಾಂಶ ಅದರ ಕೇಂದ್ರವನ್ನು ಪಿಕ್ಸೆಲ್ಲಿನ ಹತ್ತನೆಯ ಒಂದು ಪಾಲಿನಷ್ಟು ನಿಖರವಾಗಿ ಗುರುತಿಸಬಲ್ಲದು. ಆದಕಾರಣ ಇಷ್ಟು ಚಿಕ್ಕ ಸಲಕರಣೆಯೇ ಆರಂಭಕ್ಕೆ ಸಾಕಾಗುತ್ತದೆ.

ಮುಖ್ಯ ದೂರದರ್ಶಕದ ನಾಭಿದೂರ 2000 ಮಿ.ಮೀ. ಆಗಿದ್ದರೆ ಈ ಮಾತು ನಿಲ್ಲದು. ಅಲ್ಲಿ ಎರಡು ಕೊಳವೆಗಳ ನಡುವಿನ ಸೂಕ್ಷ್ಮ ಬಾಗುವಿಕೆಯೇ ಶತ್ರುವಾಗುತ್ತದೆ. ಗೈಡ್ ನಕ್ಷತ್ರ ನಿಶ್ಚಲವಾಗಿದ್ದರೂ ಮುಖ್ಯ ಚಿತ್ರ ಗೀರಾಗುವುದು ಇದರಿಂದಲೇ. ಇದಕ್ಕೆ ಪರಿಹಾರ ಆಫ್ ಆಕ್ಸಿಸ್ ಗೈಡರ್. ಮುಖ್ಯ ದೂರದರ್ಶಕದ ಬೆಳಕಿನ ಅಂಚಿನಿಂದಲೇ ಒಂದು ಪುಟ್ಟ ಪಟ್ಟಕದ ಮೂಲಕ ನಕ್ಷತ್ರವೊಂದನ್ನು ಗೈಡ್ ಕ್ಯಾಮರಾಕ್ಕೆ ತಿರುಗಿಸುವ ಸಾಧನವಿದು. ಇದರಲ್ಲಿ ಬಾಗುವಿಕೆಯ ದೋಷವಿಲ್ಲ. ಆದರೆ ನೋಟ ಕಿರಿದಾದುದರಿಂದ ತಕ್ಕ ನಕ್ಷತ್ರ ಸಿಗುವುದು ಕಷ್ಟ. ಹೊಸಬರು ಗಿಡ್ಡ ನಾಭಿದೂರದಿಂದ ತೊಡಗುವುದು ಜಾಣತನ.

ಅಭ್ಯಾಸದ ಕ್ರಮ

ಗೈಡಿಂಗ್ ಎಲ್ಲ ದೋಷಗಳನ್ನೂ ಮುಚ್ಚಿಬಿಡುತ್ತದೆಂಬ ನಂಬಿಕೆ ತಪ್ಪು. ಅಕ್ಷ ಧ್ರುವಬಿಂದುವನ್ನು ನೋಡದಿದ್ದರೆ ಗೈಡ್ ನಕ್ಷತ್ರ ಸ್ಥಿರವಾಗಿ ನಿಂತರೂ ಉಳಿದ ನಕ್ಷತ್ರಗಳು ಅದರ ಸುತ್ತ ಮೆಲ್ಲನೆ ತಿರುಗುತ್ತವೆ. ಆದ್ದರಿಂದ ಮೊದಲ ಪಾಠ ಧ್ರುವಾಭಿಮುಖತೆ.

ಧ್ರುವಬಿಂದುವಿನ ಎತ್ತರ ಆಯಾ ಊರಿನ ಅಕ್ಷಾಂಶಕ್ಕೆ ಸಮ: ದೆಹಲಿಯಲ್ಲಿ 28.6 ಡಿಗ್ರಿ, ಮುಂಬಯಿಯಲ್ಲಿ 19, ಪುಣೆಯಲ್ಲಿ 18.5, ಹೈದರಾಬಾದಿನಲ್ಲಿ 17.4, ಬೆಂಗಳೂರು ಚೆನ್ನೈಗಳಲ್ಲಿ ಸುಮಾರು 13. ಧ್ರುವನಕ್ಷತ್ರ ಈ ಬಿಂದುವಿನಿಂದ ಮುಕ್ಕಾಲು ಡಿಗ್ರಿಗಿಂತ ಕಡಿಮೆ ದೂರದಲ್ಲಿದೆ. ದೆಹಲಿಯಲ್ಲಿ ಸುಲಭವಾಗಿ ಕಾಣುವ ಅದು ದಕ್ಷಿಣದ ನಗರಗಳಲ್ಲಿ ದಿಗಂತದ ಮಬ್ಬಿನಲ್ಲಿ ಮುಳುಗಿರುತ್ತದೆ. ಮುಂಬಯಿಯ ತಾರಸಿಯಿಂದ ನೋಡುವವರಿಗೆ ಎದುರಿನ ಕಟ್ಟಡವೇ ಅದನ್ನು ಮರೆಮಾಡೀತು. ಹೆಚ್ಚಿನ ಅಕ್ಷಾಂಶದ ದೇಶಗಳನ್ನು ನೆನೆದು ತಯಾರಾದ ಕೆಲವು ಪೀಠಗಳು 13 ಡಿಗ್ರಿಯಷ್ಟು ತಗ್ಗುವುದೇ ಇಲ್ಲ. ತಗ್ಗಿದರೂ ಸಮತೂಕದ ಸರಳು ಮುಕ್ಕಾಲಿಗೆ ತಾಗುವುದುಂಟು. ಬೆಂಗಳೂರು, ಚೆನ್ನೈಗಳ ಹವ್ಯಾಸಿಗಳು ಕೊಳ್ಳುವ ಮೊದಲೇ ಇದನ್ನು ವಿಚಾರಿಸಬೇಕು.

ಧ್ರುವನಕ್ಷತ್ರ ಕಾಣದಲ್ಲಿ ನಕ್ಷತ್ರದ ಸರಿತವನ್ನೇ ಗಮನಿಸುವ ಹಳೆಯ ವಿಧಾನ ನೆರವಿಗೆ ಬರುತ್ತದೆ. ಯಾಮ್ಯೋತ್ತರ ರೇಖೆಯ ಬಳಿ, ಖಗೋಳ ವಿಷುವದ್ವೃತ್ತಕ್ಕೆ ಹತ್ತಿರವಿರುವ ನಕ್ಷತ್ರವೊಂದನ್ನು ಹಿಡಿದು ಅನುಸರಣೆ ನಡೆಸಬೇಕು. ಅದು ದಕ್ಷಿಣಕ್ಕೆ ಸರಿದರೆ ಅಕ್ಷ ಪೂರ್ವಕ್ಕೆ ಹೊರಳಿದೆ, ಉತ್ತರಕ್ಕೆ ಸರಿದರೆ ಪಶ್ಚಿಮಕ್ಕೆ ಹೊರಳಿದೆ ಎಂದರ್ಥ. ಅನಂತರ ಪೂರ್ವ ದಿಗಂತದ ಕಡೆಯ ನಕ್ಷತ್ರವನ್ನು ನೋಡಬೇಕು. ಅದು ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಸರಿದರೆ ಎತ್ತರವಾಗಿದೆ. ತಾಳ್ಮೆಯಿದ್ದವರಿಗೆ ಅರ್ಧ ಗಂಟೆಯ ಕೆಲಸ.

ಎರಡನೆಯ ಪಾಠ ಸಮತೂಕ. ಎರಡು ಅಕ್ಷಗಳಲ್ಲಿಯೂ ತೂಕ ಸರಿದೂಗಿದ ಮೇಲೆ ಪೂರ್ವದ ಕಡೆಗೆ ಎಳ್ಳಷ್ಟು ಭಾರ ಉಳಿಸಿದರೆ ಹಲ್ಲುಚಕ್ರಗಳು ಸಡಿಲವಾಗದೆ ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಮೂರನೆಯದು ಪರಿಚಯದ ಹಂತ. ತಂತ್ರಾಂಶ ಪೀಠವನ್ನು ನಾಲ್ಕು ದಿಕ್ಕುಗಳಿಗೂ ತುಸು ಸರಿಸಿ, ಯಾವ ಆಜ್ಞೆಗೆ ನಕ್ಷತ್ರ ಯಾವ ಕಡೆಗೆ ಎಷ್ಟು ಚಲಿಸುತ್ತದೆಂದು ಕಲಿತುಕೊಳ್ಳುತ್ತದೆ. ಇದನ್ನು ವಿಷುವದ್ವೃತ್ತದ ಸಮೀಪ ಮಾಡುವುದು ಉತ್ತಮ. ಚಳಿಗಾಲದಲ್ಲಿ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳು ಇದಕ್ಕೆ ಒದಗಿಬರುತ್ತವೆ.

ಕೊನೆಯದು ಸಂಯಮ. ನಕ್ಷತ್ರದ ಮಿನುಗು ವಾಯುಮಂಡಲದ ಆಟ, ಯಂತ್ರದ ತಪ್ಪಲ್ಲ. ಅರ್ಧ ಸೆಕೆಂಡಿಗೊಮ್ಮೆ ಚಿತ್ರ ತೆಗೆದು ಪ್ರತಿ ಕದಲಿಕೆಯನ್ನೂ ತಿದ್ದಹೊರಟರೆ ಪೀಠ ಗಾಳಿಯ ಬೆನ್ನಟ್ಟಿ ದಣಿಯುತ್ತದೆ. ಚಿತ್ರ ಮೊದಲಿಗಿಂತ ಕೆಡುತ್ತದೆ. ಎರಡು ಮೂರು ಸೆಕೆಂಡುಗಳ ಚಿತ್ರದಲ್ಲಿ ಈ ಮಿನುಗು ಸರಾಸರಿಯಾಗಿ ತಣಿಯುತ್ತದೆ. ತಿದ್ದುಪಡಿಯನ್ನೂ ಕಂಡ ದೋಷದ ಪೂರ್ಣ ಪ್ರಮಾಣದಲ್ಲಿ ಕೊಡದೆ ಕೊಂಚ ಕಡಿಮೆ ಕೊಡುವುದು ರೂಢಿ. ಒಟ್ಟು ದೋಷದ ಸರಾಸರಿ ಮುಖ್ಯ ಕ್ಯಾಮರಾದ ಒಂದು ಪಿಕ್ಸೆಲ್ಲಿನ ಅಳತೆಗಿಂತ ಕಡಿಮೆಯಿದ್ದು, ಎರಡು ಅಕ್ಷಗಳಲ್ಲಿಯೂ ಸಮವಾಗಿದ್ದರೆ ನಕ್ಷತ್ರಗಳು ದುಂಡಗೆ ಮೂಡುತ್ತವೆ. ಅಲ್ಲಿಗೆ ನಿಲ್ಲಿಸುವುದು ವಿವೇಕ.

ಪ್ರತಿ ರಾತ್ರಿಯ ದಾಖಲೆಯನ್ನು ತಂತ್ರಾಂಶವೇ ಬರೆದಿಡುತ್ತದೆ. ಮರುದಿನ ಅದನ್ನು ಓದುವ ರೂಢಿಯುಳ್ಳವರು ಬೇಗ ಕಲಿಯುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಮರುಕಳಿಸುವ ಅಲೆ ಹಲ್ಲುಚಕ್ರದ್ದು, ಒಂದೇ ದಿಕ್ಕಿನ ಇಳಿಜಾರು ಧ್ರುವಾಭಿಮುಖತೆಯದು, ಹಠಾತ್ತನೆಯ ನೆಗೆತ ಗಾಳಿಯದು ಅಥವಾ ತಂತಿಯದು. ಹೀಗೆ ದೋಷದ ಮೂಲವನ್ನು ಗುರುತಿಸಬಲ್ಲವರಿಗೆ ದುಬಾರಿ ಪೀಠದ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ.

ಕನ್ನಡದಲ್ಲಿ ಆಕಾಶವನ್ನು ಕುರಿತ ಬರವಣಿಗೆಗೆ ಆರ್. ಎಲ್. ನರಸಿಂಹಯ್ಯ, ಜಿ. ಟಿ. ನಾರಾಯಣರಾವ್ ಮೊದಲಾದವರು ಗಟ್ಟಿಯಾದ ಅಡಿಪಾಯ ಹಾಕಿದ್ದಾರೆ. ಕಲೆ, ವಿಕಲೆ, ವಿಷುವದಂಶ, ಯಾಮ್ಯೋತ್ತರಗಳಂಥ ಮಾತುಗಳು ಭಾಷೆಯಲ್ಲಿ ಸಿದ್ಧವಾಗಿವೆ. ಉಪಕರಣಗಳ ಹೆಸರುಗಳು ಇಂಗ್ಲಿಷಿನಲ್ಲಿಯೇ ಉಳಿದರೂ ನಷ್ಟವಿಲ್ಲ. ಅವು ನಡೆಯುವ ಬಗೆಯನ್ನು ಕನ್ನಡದಲ್ಲಿ ವಿವರಿಸುವಂತಾಗಬೇಕು. ಕರ್ನಾಟಕದ ಹೊರಗೆ ನೆಲೆಸಿ ಮನೆಯ ತಾರಸಿಯಿಂದ ಆಕಾಶ ನೋಡುವ ಕನ್ನಡದ ಮಕ್ಕಳಿಗೆ ಆ ವಿವರಣೆ ತಾಯ್ನುಡಿಯಲ್ಲಿ ದೊರೆತರೆ, ವಿಜ್ಞಾನವೂ ಭಾಷೆಯೂ ಅಷ್ಟರ ಮಟ್ಟಿಗೆ ಅವರದಾಗುತ್ತವೆ.