ಅಳತೆಗೆ ಸಿಕ್ಕಿದ ಮನೆ

ಬೆಂಗಳೂರಿನಿಂದ ಮೈಸೂರಿಗೆ ಹಳೆಯ ಹೆದ್ದಾರಿಯಲ್ಲಿ ಹೋಗುವವರಿಗೆ ಚನ್ನಪಟ್ಟಣವನ್ನು ದಾಟಿದ ಕೆಲವೇ ನಿಮಿಷಗಳಲ್ಲಿ ದೊಡ್ಡಮಳೂರು ಎದುರಾಗುತ್ತದೆ. ಅಲ್ಲಿ ಅಪ್ರಮೇಯಸ್ವಾಮಿಯ ದೇವಾಲಯ. ಅದರೊಳಗೆ ಅಂಬೆಗಾಲಿಡುವ ನವನೀತಕೃಷ್ಣ. ಸಂತಾನಭಾಗ್ಯವನ್ನು ಬೇಡಿ ಬಂದ ದಂಪತಿಗಳು ಹರಕೆಯಾಗಿ ಒಪ್ಪಿಸಿದ ಪುಟ್ಟ ತೊಟ್ಟಿಲುಗಳು. ಅಪ್ರಮೇಯನೆಂದರೆ ಅಳತೆಗೆ ಸಿಲುಕದವನು. ಸ್ವಾಮಿಗೆ ಸಲ್ಲುವ ಈ ಸವಲತ್ತು ಸುತ್ತಮುತ್ತಲಿನ ಮನೆ ನಿವೇಶನಗಳಿಗೆ ಇಲ್ಲ. ಅವನ್ನು ಅಳೆಯುತ್ತಾರೆ, ಬೆಲೆ ಕಟ್ಟುತ್ತಾರೆ, ಆ ಬೆಲೆಯ ಮೇಲೆ ಕಂದಾಯ ಬೀಳುತ್ತದೆ. ಕಟ್ಟಿದ ಬೆಲೆಯೇ ತಪ್ಪಾಗಿದ್ದರೆ ಮನೆಯ ಯಜಮಾನನು ಮಾಡಬೇಕಾದುದೇನು?

ಹಿಂದೆ ಪುರಸಭೆಯವರು ಮನೆಯ ಮುಂದೆ ನಿಂತು, ಇದನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತೆಂದು ಅಂದಾಜು ಮಾಡುತ್ತಿದ್ದರು. ಅಂದಾಜು ಅಧಿಕಾರಿಯ ಮರ್ಜಿಗೆ ಬಿಟ್ಟದ್ದು. ಆ ಮರ್ಜಿಗೆ ಏನೇನು ನೈವೇದ್ಯ ಸಲ್ಲುತ್ತಿತ್ತೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. 2000ದಲ್ಲಿ ಬೆಂಗಳೂರು ಮಹಾನಗರಪಾಲಿಕೆಯು ಮಾಲೀಕನೇ ಲೆಕ್ಕ ಹಾಕಿ ಘೋಷಿಸುವ ಪದ್ಧತಿಯನ್ನು ತಂದಿತು. ಅನಂತರ ರಾಜ್ಯದ ಇತರ ಪಟ್ಟಣಗಳಲ್ಲಿಯೂ ಬಾಡಿಗೆಯ ಅಂದಾಜು ಹೋಗಿ, ಆಸ್ತಿಯ ಮೂಲಬೆಲೆಯೇ ತೆರಿಗೆಗೆ ಆಧಾರವಾಯಿತು. ಚನ್ನಪಟ್ಟಣದ ನಗರಸಭೆಗೂ ಇದೇ ನಿಯಮ.

ಆ ಮೂಲಬೆಲೆ ಎಲ್ಲಿಂದ ಬರುತ್ತದೆ? ಉಪನೋಂದಣಾಧಿಕಾರಿಯ ಕಛೇರಿಯಿಂದ. 1957ರ ಕರ್ನಾಟಕ ಸ್ಟಾಂಪು ಅಧಿನಿಯಮದ ಪ್ರಕಾರ ಊರೂರಿನ, ಬೀದಿಬೀದಿಯ ಜಮೀನಿಗೆ ಸರಕಾರ ಮಾರ್ಗಸೂಚಿ ಬೆಲೆಯನ್ನು ಪ್ರಕಟಿಸುತ್ತದೆ. ಪುರಸಭೆಯ ಲೆಕ್ಕ ಅದರ ಒಂದಂಶವನ್ನು ಹಿಡಿದು, ಕಟ್ಟಡದ ಬೆಲೆಯನ್ನು ಕೂಡಿಸಿ, ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆದು ಸಾಗುತ್ತದೆ. ಆದುದರಿಂದ ಮಾರ್ಗಸೂಚಿ ಬೆಲೆ ಏರಿತೆಂದರೆ ನಿವೇಶನ ಕೊಳ್ಳುವವನಿಗೆ ಮಾತ್ರವಲ್ಲ, ತಾತನ ಕಾಲದ ಮನೆಯಲ್ಲಿ ಸುಮ್ಮನೆ ಕುಳಿತವನಿಗೂ ಅದರ ಬಿಸಿ ತಟ್ಟಬಹುದು. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಹೊಸ ಬೆಲೆಗಳು ಜಾರಿಗೆ ಬಂದವು. ಅದಕ್ಕೆ ಮೊದಲು ಕರಡು ಪಟ್ಟಿಯನ್ನು ಪ್ರಕಟಿಸಿ, ಆಕ್ಷೇಪಣೆಗಳಿಗೆ ಹದಿನೈದು ದಿನಗಳ ಅವಕಾಶ ಕೊಡಲಾಗಿತ್ತು. ಆ ಹದಿನೈದು ದಿನಗಳಲ್ಲಿ ತಮ್ಮ ಬೀದಿಯ ಹೆಸರಿನ ಮುಂದೆ ಏನು ಬರೆದಿದೆಯೆಂದು ನೋಡಿಬಂದವರು ವಾಚಕರಲ್ಲಿ ಎಷ್ಟು ಮಂದಿ?

ಬೀದಿಗೆಲ್ಲ ಒಂದೇ ಬೆಲೆ ಎಂಬುದರಲ್ಲೇ ತೊಡಕುಂಟು. ಹೆದ್ದಾರಿಗೆ ಮುಖಮಾಡಿದ ಅಂಗಡಿಯೂ ಅದರ ಹಿಂದಿನ ಸಂದಿಯ ಹೆಂಚಿನ ಮನೆಯೂ ಪಟ್ಟಿಯಲ್ಲಿ ಒಂದೇ ಸಾಲಿಗೆ ಬಂದುಬಿಡಬಹುದು. ಚನ್ನಪಟ್ಟಣದ ಗೊಂಬೆಯ ಕಸಬುದಾರನ ಮನೆಯನ್ನೇ ನೆನೆಯಿರಿ: ಹಜಾರದ ಮೂಲೆಯಲ್ಲಿ ಒಂದು ಲೇತು, ಪಕ್ಕದಲ್ಲಿ ಹಾಲೆಮರದ ತುಂಡುಗಳು, ಅರಗಿನ ಬಣ್ಣದ ಕಡ್ಡಿಗಳು; ಅಲ್ಲೇ ಆಚೆ ಅಡಿಗೆಮನೆ. ಇದು ವಾಸದ ಮನೆಯೋ, ವ್ಯಾಪಾರದ ಸ್ಥಳವೋ? ಎರಡಕ್ಕೂ ತೆರಿಗೆಯ ದರ ಬೇರೆ. ಕಾಗದದ ಮೇಲಿನ ಒಂದು ಪದ ಬದಲಾದರೆ ವರ್ಷವರ್ಷವೂ ತೆರುವ ಹಣ ಬದಲಾಗುತ್ತದೆ.

ಸ್ವಯಂಘೋಷಣೆ ಬಂದ ಮೇಲೆ ಜಗಳ ನಿಂತಿತೆಂದು ತಿಳಿಯಬಾರದು; ತಪ್ಪಿನ ಹೊಣೆ ಮಾಲೀಕನ ಹೆಗಲಿಗೆ ಬಂದಿತು, ಅಷ್ಟೆ. ಬೆಂಗಳೂರಿನಲ್ಲಿ ತಮ್ಮ ಬಡಾವಣೆಯ ವಲಯವನ್ನು ತಪ್ಪಾಗಿ ನಮೂದಿಸಿದರೆಂದು ಸುಮಾರು 78 ಸಾವಿರ ಮಾಲೀಕರಿಗೆ ಪಾಲಿಕೆಯು ಬಾಕಿಯ ನೋಟೀಸು ಕಳುಹಿಸಿದಾಗ ಎದ್ದ ಗದ್ದಲ ಅನೇಕರಿಗೆ ನೆನಪಿದ್ದೀತು. ವರ್ಷಗಟ್ಟಲೆ ಹಣ ಕಟ್ಟಿಸಿಕೊಂಡು ರಸೀತಿ ಕೊಟ್ಟವರೇ ಈಗ ತಪ್ಪೆನ್ನುವುದು ಹೇಗೆಂಬುದು ಜನರ ಪ್ರಶ್ನೆಯಾಗಿತ್ತು. ನ್ಯಾಯವಾದ ಪ್ರಶ್ನೆಯೇ ಸರಿ.

ಪ್ರಶ್ನಿಸುವ ಈ ಹಕ್ಕು ಅಧಿಕಾರಿಗಳ ಕೃಪೆಯಲ್ಲ. ಕೇರಳದಲ್ಲಿ ಎಲ್ಲ ಬಗೆಯ ಭೂಮಿಗೂ ಎಕರೆಗೆ ಎರಡು ರೂಪಾಯಿಯಂತೆ ಒಂದೇ ತೆರಿಗೆ ವಿಧಿಸಿದ್ದ ಕಾನೂನು 1960ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಮಲಬಾರಿನ ಅರಣ್ಯದ ಒಡೆಯನೊಬ್ಬನಿಗೆ ಕಾಡಿನಿಂದ ವರ್ಷಕ್ಕೆ ಬರುತ್ತಿದ್ದುದು ಮೂರು ಸಾವಿರ ರೂಪಾಯಿಗಳ ಆಸುಪಾಸು. ತೆರಬೇಕಾಗಿದ್ದುದು ಐವತ್ತು ಸಾವಿರಕ್ಕೂ ಮೇಲೆ! ಫಲವತ್ತಾದ ಗದ್ದೆಗೂ ಬರಡು ಗುಡ್ಡಕ್ಕೂ ಒಂದೇ ತೆರಿಗೆ ಹಾಕುವುದು ಸಮಾನತೆಯಲ್ಲವೆಂದು ನ್ಯಾಯಾಲಯವು ಬಹುಮತದಿಂದ ಆ ಕಾನೂನನ್ನು ತಳ್ಳಿಹಾಕಿತು. ಅದು ಎತ್ತಿಹೇಳಿದ ಇನ್ನೊಂದು ದೋಷ ಮನೆಯವರಿಗೆಲ್ಲ ಮುಖ್ಯವಾದುದು: ತೆರಿಗೆ ನಿರ್ಧರಿಸುವ ಮುನ್ನ ನೋಟೀಸು ಕೊಟ್ಟು ಮಾಲೀಕನ ಅಹವಾಲನ್ನು ಕೇಳುವ ಏರ್ಪಾಡೇ ಆ ಕಾನೂನಿನಲ್ಲಿ ಇರಲಿಲ್ಲ.

ಆದರೆ ಮಾಲೀಕನೂ ಪೂರ್ತಿ ನಿರಪರಾಧಿಯೇನಲ್ಲ. ತೆರಿಗೆಯ ದಿನ ಬೆಲೆ ಹೆಚ್ಚಾಯಿತೆಂದು ಗೋಳಿಡುವವನೇ ಇನ್ನೊಂದು ದಿನ ಕಡಿಮೆಯಾಯಿತೆಂದು ಅರ್ಜಿ ಬರೆಯುತ್ತಾನೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ರಸ್ತೆಗಾಗಿ ಈ ಸೀಮೆಯ ಹೊಲತೋಟಗಳು ಹೋದವು. ಹೆದ್ದಾರಿಗೆ ಹೋದ ಭೂಮಿಯ ಪರಿಹಾರ ಸಾಲದೆಂದರೆ ಮಧ್ಯಸ್ಥಗಾರರ ಮುಂದೆ ಹೋಗಲು 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯಲ್ಲಿ ದಾರಿಯುಂಟು. ಅಲ್ಲಿ ಪುರಾವೆಯಾಗಿ ಬರುವುದು ಯಾವುದು? ಅದೇ ಮಾರ್ಗಸೂಚಿ ಬೆಲೆ, ಮತ್ತು ಹಿಂದಿನ ಮೂರು ವರ್ಷಗಳಲ್ಲಿ ನೆರೆಹೊರೆಯಲ್ಲಿ ನೋಂದಣಿಯಾದ ಕ್ರಯಪತ್ರಗಳು. ಸ್ಟಾಂಪು ಶುಲ್ಕ ಉಳಿಸಲೆಂದು ಕೊಟ್ಟ ಹಣದ ಅರ್ಧವನ್ನಷ್ಟೇ ಪತ್ರದಲ್ಲಿ ಬರೆಸಿದವನು, ಆ ದಿನ ಉಳಿಸಿದ್ದಕ್ಕಿಂತ ಹೆಚ್ಚನ್ನು ಇಲ್ಲಿ ಕಳೆದುಕೊಳ್ಳುತ್ತಾನೆ; ನೆರೆಯವನನ್ನೂ ಕೆಡಿಸುತ್ತಾನೆ.

ಹೊಸ ರಸ್ತೆ ಬಂದು ವಾಹನಗಳೆಲ್ಲ ಬೈಪಾಸು ಹಿಡಿದ ಮೇಲೆ ಹಳೆಯ ಹೆದ್ದಾರಿಯ ಬದಿಯ ಹೋಟೆಲು, ಗೊಂಬೆ ಅಂಗಡಿಗಳಿಗೆ ಗಿರಾಕಿಗಳು ಕಡಿಮೆಯಾದರು. ಹೆದ್ದಾರಿ ಬದಿಯೆಂದು ಕಟ್ಟಿದ ಬೆಲೆ ತಾನಾಗಿ ಇಳಿಯುವುದಿಲ್ಲ. ಯಾರಾದರೂ ಬರೆದು ಕೇಳಬೇಕು.

ಕೇಳುವುದಕ್ಕೆ ಕೂಗಾಟ ಬೇಡ, ಕಾಗದ ಬೇಕು. ಕ್ರಯಪತ್ರ, ಖಾತೆಯ ನಕಲು, ಕಟ್ಟಡ ಕಟ್ಟಿದ ವರ್ಷಕ್ಕೆ ದಾಖಲೆ, ಸರಿಯಾದ ಚದರಡಿಯ ನಕ್ಷೆ, ಅದೇ ಬೀದಿಯಲ್ಲಿ ಇತ್ತೀಚೆಗೆ ಮಾರಾಟವಾದ ಮನೆಯ ವಿವರ. ಅಳತೆ ತಪ್ಪಿದೆಯೋ, ಮನೆಯ ವಯಸ್ಸು ತಪ್ಪಿದೆಯೋ, ಉಪಯೋಗದ ವರ್ಗ ತಪ್ಪಿದೆಯೋ ಎಂಬುದನ್ನು ಬೇರೆಬೇರೆಯಾಗಿ ಬರೆಯಬೇಕು. ‘ತೆರಿಗೆ ಬಹಳವಾಯಿತು’ ಎಂಬ ಒಂದೇ ಸಾಲಿನ ಅರ್ಜಿಗೆ ಉತ್ತರ ಬಾರದು. ನೋಟೀಸಿನಲ್ಲಿ ಕೊಟ್ಟ ಅವಧಿ ಮೀರಬಾರದು. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಕಛೇರಿಯ ಮೊಹರನ್ನೂ ತಾರೀಖನ್ನೂ ಹಾಕಿಸಿಕೊಳ್ಳಬೇಕು. ತಕರಾರು ಇದೆಯೆಂದು ಕಂದಾಯವನ್ನೇ ನಿಲ್ಲಿಸುವುದು ಜಾಣತನವಲ್ಲ: ಪುರಸಭೆಯ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ನೂರಕ್ಕೆ 5ರ ರಿಯಾಯಿತಿ, ಜೂನ್ ಕಳೆದರೆ ತಿಂಗಳಿಗೆ ನೂರಕ್ಕೆ 2ರ ದಂಡ.