ಮಕ್ಕಳ ಕೀರ್ತಿ, ಹಿರಿಯರ ಸಂಪಾದನೆ

ಹೆತ್ತವರಿಗೆ ಹೆಗ್ಗಣ ಮುದ್ದೆಂಬ ಗಾದೆಯನ್ನು ಅರಿಯದವರಿಲ್ಲ. ಮಗುವಿನ ಹಾಡನ್ನೋ ಕುಣಿತವನ್ನೋ ನಾಲ್ವರಿಗೆ ತೋರಿಸಿ ಹಿಗ್ಗುವುದು ತಪ್ಪಲ್ಲ. ಆದರೆ ಆ ಹಿಗ್ಗಿನೊಡನೆ ಹಣದ ಆಶೆಯು ಬೆರೆತಾಗ ಗೃಹಸ್ಥರು ಕೊಂಚ ನಿಂತು ಯೋಚಿಸತಕ್ಕದ್ದು. ಹಿಂದೆ ಹಳ್ಳಿಯಾಗಿದ್ದು ಈಗ ಮೈಸೂರಿನೊಡನೆ ಬೆಸೆದುಹೋಗಿರುವ ಬೋಗಾದಿಯಲ್ಲಿಯೂ ಮಗುವನ್ನು ಪ್ರಸಿದ್ಧಿಗೆ ತರಲು ಈಗ ನಾಟಕದ ಕಂಪೆನಿ ಬೇಕಿಲ್ಲ. ಒಂದು ಮೊಬೈಲು ಸಾಕು.

ಬಾಲಕೀರ್ತಿಯು ಮೈಸೂರು ಸೀಮೆಗೆ ಹೊಸದಲ್ಲ. ಕಾರಾಪುರದ ಮಾವುತನ ಮಗ ಸಾಬು, 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ಪ್ರಸಿದ್ಧನಾದನು. ಚಿತ್ರ ತಯಾರಕರ ಕಣ್ಣಿಗೆ ಬಿದ್ದಾಗ ಅವನು ತಬ್ಬಲಿ. ಅವನ ಪರವಾಗಿ ಬೇಕು ಬೇಡಗಳನ್ನು ಹೇಳಲು ಹೆತ್ತವರಿರಲಿಲ್ಲ. ಹೆತ್ತವರಿರುವ ಮಗುವಿಗೆ ಭಯವಿಲ್ಲವೆಂದು ನಾವು ಭಾವಿಸುವೆವು. ಅಮೆರಿಕದ ಜಾಕಿ ಕೂಗನ್ನನಿಗೆ ಹೆತ್ತವರಿದ್ದರು. 1921ರಲ್ಲಿ ಚಾಪ್ಲಿನ್ನನ ‘ದಿ ಕಿಡ್’ ಚಿತ್ರದಿಂದ ಹೆಸರಾದ ಆ ಬಾಲಕನು ಲಕ್ಷಗಟ್ಟಲೆ ಡಾಲರು ಗಳಿಸಿದನು. ಪ್ರಾಯಕ್ಕೆ ಬಂದಮೇಲೆ ಹಣವು ಕೈಸೇರದೆ, 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೆಯೇ ದಾವೆ ಹೂಡಬೇಕಾಯಿತು. ಗಳಿಕೆಯ ಬಹುಭಾಗವು ಅಷ್ಟರಲ್ಲಿ ವೆಚ್ಚವಾಗಿಹೋಗಿದ್ದಿತು. ಮರುವರ್ಷವೇ ಕ್ಯಾಲಿಫೋರ್ನಿಯದಲ್ಲಿ ಬಾಲನಟರ ಹಣವನ್ನು ಕಾಯುವ ಶಾಸನವಾಯಿತು.

ನಮ್ಮ ದೇಶದಲ್ಲಿ 2017ರ ಬಾಲಕಾರ್ಮಿಕ ನಿಯಮಗಳು ಈ ವಿಚಾರವನ್ನು ವಿಧಿಸಿವೆ. ಬಾಲಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚಾಗಿಯೂ, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚಾಗಿಯೂ ದುಡಿಸಕೂಡದು. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿಯಿರಬೇಕು. ಸಂಪಾದನೆಯಲ್ಲಿ ಕನಿಷ್ಠ ಶೇಕಡ 20ನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿಯಿಡಬೇಕು. ಎಲ್ಲಕ್ಕೂ ಮಿಗಿಲಾಗಿ, ಮಗುವಿನ ಇಚ್ಛೆಗೆ ವಿರೋಧವಾಗಿ ಅದನ್ನು ತೊಡಗಿಸಲಾಗದು.

ಈ ಕಡೆಯ ಮಾತೇ ಕಠಿನವಾದುದು. ಆರು ವರ್ಷದ ಮಗು ತಾಯಿಗೆ ಒಲ್ಲೆನೆಂದು ಹೇಗೆ ಹೇಳೀತು? ಅಮ್ಮನ ಮುಖ ಅರಳಲೆಂದೇ ಅದು ನಗುವುದು, ಕುಣಿಯುವುದು. ಸಿನಿಮಾದಲ್ಲಾದರೆ ದುಡಿಸುವವನೊಬ್ಬ, ಒಪ್ಪಿಗೆ ಕೊಡುವವರು ಬೇರೊಬ್ಬರು. ಮನೆಯೊಳಗಿನ ಚಿತ್ರೀಕರಣದಲ್ಲಿ ಇವೆರಡೂ ಹೆತ್ತವರೇ; ಗಂಟೆಯನ್ನೆಣಿಸುವವರಾರೂ ಇಲ್ಲ. ಶೇಕಡ 20 ಹೋಗಿ ಉಳಿದ 80ರ ಲೆಕ್ಕವಾದರೋ ನಮ್ಮ ಅಂತಃಕರಣಕ್ಕೇ ಬಿಟ್ಟುದು.

ಬಡತನದಲ್ಲಿ ಮಗುವಿನ ಗಳಿಕೆಯಿಂದ ಒಲೆ ಉರಿಯುವ ಮನೆಗಳೂ ಇರಬಹುದು. ಅವರನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಆದರೂ ಋಣವನ್ನು ಋಣವೆಂದೇ ಬರೆದಿಡುವುದು ನ್ಯಾಯ. ಮಗುವು ಮುಖ ತಿರುಗಿಸಿದ ದಿನ ಮೊಬೈಲನ್ನು ಕೆಳಗಿಡೋಣ. ಅದರ ಅಳುವನ್ನೂ ಪೆಚ್ಚುತನವನ್ನೂ ಪರರ ನಗೆಗೆ ಮಾರದಿರೋಣ. ಮುಂದೆ ಅದು ಪ್ರಾಯಕ್ಕೆ ಬಂದು ಲೆಕ್ಕ ಕೇಳಿದರೆ, ಅಳುಕದೆ ಪುಸ್ತಕವನ್ನು ಮುಂದಿಡುವಂತಿರಬೇಕು.