ನಕ್ಷೆ ಹಿಡಿದು ಕಾಡಿನಲ್ಲಿ ಓಟ: ಎದುರಾಳಿಯೇ ಆಪದ್ಬಾಂಧವ

ಅಪರಿಚಿತ ಕಾಡಿನಲ್ಲಿ ನಕ್ಷೆ ಹಾಗೂ ದಿಕ್ಸೂಚಿಯ ನೆರವಿನಿಂದ ನಿಗದಿತ ತಾಣಗಳನ್ನು ಕ್ರಮವಾಗಿ ಹುಡುಕಿ, ಕಡಿಮೆ ಅವಧಿಯಲ್ಲಿ ಗುರಿ ಮುಟ್ಟುವ ಕ್ರೀಡೆಯೇ ಓರಿಯಂಟೀರಿಂಗ್. ಇದರ ಮೊದಲ ಸಾರ್ವಜನಿಕ ಸ್ಪರ್ಧೆ 1897ರಲ್ಲಿ ನಾರ್ವೆಯಲ್ಲಿ ನಡೆಯಿತು. ಅಂತಾರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾದದ್ದು 1961ರಲ್ಲಿ.

ಪ್ರತಿ ತಾಣದಲ್ಲೂ ಕಿತ್ತಳೆ-ಬಿಳಿ ಬಣ್ಣದ ಗುರುತು ಇರುತ್ತದೆ. ಒಂದು ತಾಣ ತಪ್ಪಿದರೂ ಸ್ಪರ್ಧಿ ಅನರ್ಹ. ಆದರೆ ತಾಣದಿಂದ ತಾಣಕ್ಕೆ ಯಾವ ಹಾದಿ ಹಿಡಿಯಬೇಕೆಂಬುದು ಓಟಗಾರನ ವಿವೇಚನೆಗೆ ಬಿಟ್ಟದ್ದು. ಹೀಗಾಗಿ ಕಾಲಿನ ವೇಗದಷ್ಟೇ ಬುದ್ಧಿಯ ಚುರುಕೂ ಇಲ್ಲಿ ಮುಖ್ಯ.

ಕಾಡಿನ ನಡುವೆ ಗಾಯಗೊಂಡರೆ ಮೊದಲು ಎದುರಾಗುವವನು ವೈದ್ಯನಲ್ಲ, ಪ್ರತಿಸ್ಪರ್ಧಿ. ಆದ್ದರಿಂದಲೇ ಗಾಯಾಳುವಿಗೆ ನೆರವಾಗುವುದು ಪ್ರತಿಯೊಬ್ಬ ಸ್ಪರ್ಧಿಯ ಕರ್ತವ್ಯವೆಂದು ನಿಯಮವೇ ವಿಧಿಸಿದೆ.

2009ರಲ್ಲಿ ಹಂಗೇರಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಈ ನಿಯಮ ಒರೆಗೆ ಹಚ್ಚಲ್ಪಟ್ಟಿತು. ಪುರುಷರ ರಿಲೇಯ ಕೊನೆಯ ಹಂತದಲ್ಲಿ ಸ್ವೀಡನ್‌ನ ಮಾರ್ಟಿನ್ ಜೊಹಾನ್ಸನ್ ಅವರ ತೊಡೆಗೆ ಮರದ ಕೊಂಬೆಯೊಂದು ಆಳವಾಗಿ ನಾಟಿತು. ಪದಕದ ಹಾದಿಯಲ್ಲಿದ್ದ ಫ್ರಾನ್ಸ್‌ನ ಥಿಯೆರಿ ಜಾರ್ಜಿಯು, ನಾರ್ವೆಯ ಆಂಡರ್ಸ್ ನಾರ್ಡ್‌ಬರ್ಗ್ ಹಾಗೂ ಜೆಕ್ ಗಣರಾಜ್ಯದ ಮಿಖಾಲ್ ಸ್ಮೊಲಾ ಓಟ ನಿಲ್ಲಿಸಿ ಅವರ ನೆರವಿಗೆ ಧಾವಿಸಿದರು. ಚಿನ್ನ ಸ್ವಿಟ್ಜರ್ಲೆಂಡ್ ಪಾಲಾಯಿತು. ಮೂವರೂ ಪದಕ ಕಳೆದುಕೊಂಡರು, ಜೊಹಾನ್ಸನ್ ಬದುಕುಳಿದರು.